ಆ ಶಾಲೆಯ ವರದಿ ಬರೆದವಳು

ನಾನು ಕೆಲಸ ಮಾಡುವ ಸಂಸ್ಥೆ ಅಂಧೇರಿಯಲ್ಲಿದೆ. ಮೆಟ್ರೋ ಇಳಿದು ಐದು ನಿಮಿಷ ನಡೆದರೆ ಸಿಗುವ ಕಟ್ಟಡದ ನಾಲ್ಕನೆಯ ಮಹಡಿ. ಅಲ್ಲಿ ನಾವು ಹತ್ತು ಹನ್ನೆರಡು ಜನ ಶಾಲೆಗಳ ಬಗ್ಗೆ ವರದಿ ಬರೆಯುತ್ತೇವೆ. ಎಷ್ಟು ಮಕ್ಕಳು ಬರುತ್ತಾರೆ, ಅವರಲ್ಲಿ ಎಷ್ಟು ಜನ ಸರಾಗ ಓದಬಲ್ಲರು, ಶಿಕ್ಷಕರು ಸಾಕಷ್ಟಿದ್ದಾರೆಯೇ, ಶೌಚಾಲಯಕ್ಕೆ ನೀರಿದೆಯೇ, ಯಾವ ಶಾಲೆಯನ್ನು ಹೇಗೆ ಸುಧಾರಿಸಬಹುದು ಎಂಬುದನ್ನೆಲ್ಲ ನೋಡಿ, ನಮ್ಮ ಸಲಹೆ ಸೇರಿಸಿ ಇಲಾಖೆಗೆ ಕೊಡುತ್ತೇವೆ. ನಮ್ಮ ಬಹುಪಾಲು ವರದಿಗಳನ್ನು ಯಾರೂ ಓದುವುದಿಲ್ಲ ಎಂದು ಊಟದ ಹೊತ್ತಿನಲ್ಲಿ ನಾವೇ ಹೇಳಿಕೊಂಡು ನಗುತ್ತಿದ್ದೆವು. ಒಂದು ವರದಿಯನ್ನು ಓದಿದರು. ಅದನ್ನು ಬರೆದವಳು ನಾನು.

ನಾನು ಹುಟ್ಟಿ ಬೆಳೆದದ್ದು ಘಾಟ್ಕೋಪರಿನ ಒಂದು ಚಾಳಿನಲ್ಲಿ. ಅಪ್ಪ ವಿಜಯಪುರದ ಕಡೆಯವರು, ದಾದರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಏಳನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದ ಸರಕಾರಿ ಶಾಲೆಯಲ್ಲಿ. ಆಗ ಒಂದೊಂದು ತರಗತಿಗೆ ಎರಡೆರಡು ವಿಭಾಗ, ತಡವಾಗಿ ಬಂದವರಿಗೆ ಬೆಂಚಿನ ತುದಿ. ಆಮೇಲೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದೆ. ಕನ್ನಡ ಮನೆಯ ಮಾತಾಗಿ ಉಳಿಯಿತು, ನನ್ನ ಮಗಳ ಕಾಲಕ್ಕೆ ಮನೆಯಲ್ಲೂ ಅರ್ಧವಾಯಿತು. ನಾನು ಕನ್ನಡದಲ್ಲಿ ಕೇಳಿದರೆ ಅವಳಿಗೆ ಅರ್ಥವಾಗುತ್ತದೆ. ಉತ್ತರ ಹಿಂದಿಯಲ್ಲಿ ಬರುತ್ತದೆ.

ಸಣ್ಣ ಶಾಲೆಗಳ ಅಧ್ಯಯನ ನಮ್ಮ ಸಂಸ್ಥೆಗೆ ಬಂದಾಗ ನಿರ್ದೇಶಕರು ನನ್ನನ್ನು ಕರೆದರು. ಅವರು ಒಳ್ಳೆಯ ಮನುಷ್ಯರು, ಇದನ್ನು ಮೊದಲೇ ಹೇಳಬೇಕು. ಸರಕಾರಿ ಶಾಲೆಗಳು ಉಳಿಯಲಿ ಎಂದು ಜೀವಮಾನವಿಡೀ ದುಡಿದವರು. ಮಕ್ಕಳು ತೀರ ಕಡಿಮೆ ಇರುವ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಮೂರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಾರೆ, ಅಲ್ಲಿ ಗ್ರಂಥಾಲಯವಿಲ್ಲ, ವಿಜ್ಞಾನದ ಸಾಮಾನಿಲ್ಲ, ಆಟಕ್ಕೆ ಜೊತೆಯಿಲ್ಲ. ಅಂಥ ಎರಡು ಮೂರು ಶಾಲೆಗಳನ್ನು ಒಂದುಗೂಡಿಸಿದರೆ ಆ ಮಕ್ಕಳಿಗೂ ಶಾಲೆ ಅನ್ನಿಸಿಕೊಳ್ಳುವಂಥ ಶಾಲೆ ಸಿಗುತ್ತದೆ ಎಂಬುದು ಅವರ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು. ಅದು ಪೂರ್ತಿ ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

“ಕನ್ನಡ ಶಾಲೆಗಳನ್ನು ನೀವೇ ನೋಡಿ,” ಎಂದರು ಅವರು. “ನಿಮ್ಮ ಹತ್ತಿರ ಅವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ.”

ಹಾಗೇ ಆಯಿತು.

ಆ ಶಾಲೆ ಪೂರ್ವ ಉಪನಗರದಲ್ಲಿ, ರೈಲು ಹಳಿಗಳ ಪಕ್ಕದ ಒಂದು ಹಳೆಯ ಕಟ್ಟಡದಲ್ಲಿತ್ತು. ಒಂದೇ ಕಟ್ಟಡದಲ್ಲಿ ಮೂರು ಮಾಧ್ಯಮ. ಕೆಳಗೆ ಹಿಂದಿ, ಒಂದು ಎರಡನೆಯ ಮಹಡಿಗಳಲ್ಲಿ ಮರಾಠಿ, ಮೂರನೆಯ ಮಹಡಿಯ ಕೊನೆಯ ಎರಡು ಕೋಣೆ ಕನ್ನಡಕ್ಕೆ. ನಾನು ಮೊದಲ ಸಲ ಹೋದದ್ದು ಫೆಬ್ರವರಿಯ ಒಂದು ಬೆಳಿಗ್ಗೆ. ಮೆಟ್ಟಿಲು ಹತ್ತುವಾಗ ಕೆಳಗಿನ ತರಗತಿಗಳ ಗದ್ದಲ ಕಡಿಮೆಯಾಗುತ್ತ ಬಂದು, ಮೇಲೆ ಒಬ್ಬ ಹುಡುಗಿ ಕನ್ನಡ ಪಾಠ ಓದುವ ದನಿ ಸ್ಪಷ್ಟವಾಗಿ ಕೇಳಿತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಪ್ರಶ್ನೆ ಬಂದಲ್ಲಿ ದನಿ ಏರಿಸಿ, ಯಾರಿಗೋ ಕಥೆ ಹೇಳುವವಳ ಹಾಗೆ ಓದುತ್ತಿದ್ದಳು. ನಾನು ಬಾಗಿಲ ಹೊರಗೇ ನಿಂತುಬಿಟ್ಟೆ.

ಐದನೆಯ ತರಗತಿಯ ಹುಡುಗಿ ಅವಳು. ಅವಳ ಬೆಂಚಿನ ಸುತ್ತ ಒಂದನೆಯದರಿಂದ ನಾಲ್ಕನೆಯದರ ತನಕದ ಮಕ್ಕಳು ಕೂತಿದ್ದರು. ಅವಳ ತಂಗಿಯೂ ಅವರಲ್ಲಿ ಒಬ್ಬಳು, ಒಂದನೆಯ ತರಗತಿ, ಅಕ್ಕನ ಲಂಗದ ಅಂಚು ಹಿಡಿದುಕೊಂಡು ಕೂತಿದ್ದಳು. ಮುಖ್ಯೋಪಾಧ್ಯಾಯಿನಿ ಪಕ್ಕದ ಕೋಣೆಯಲ್ಲಿ ಆರು ಏಳನೆಯವರಿಗೆ ಗಣಿತ ಮಾಡಿಸುತ್ತಿದ್ದರು. ಶಾಲೆಗೆ ಇದ್ದ ಇನ್ನೊಬ್ಬ ಶಿಕ್ಷಕಿಯನ್ನು ಬೇರೆ ಕೆಲಸಕ್ಕೆ ಹಾಕಿದ್ದರು.

ಮುಖ್ಯೋಪಾಧ್ಯಾಯಿನಿ ಧಾರವಾಡದ ಕಡೆಯವರು. ಮದುವೆಯಾಗಿ ಮುಂಬೈಗೆ ಬಂದು ಇಡೀ ನೌಕರಿಯನ್ನು ಇಂಥ ಶಾಲೆಗಳಲ್ಲೇ ಕಳೆದವರು, ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಮಕ್ಕಳು, ತಾಯಂದಿರು ಎಲ್ಲರೂ ಅವರನ್ನು, ಟೀಚರಿಗೆ ಆ ಕಡೆ ಹೇಳುವ ಹಾಗೆ, ಬಾಯಾರು ಎಂದೇ ಕರೆಯುತ್ತಿದ್ದರು. ನಾನು ಕನ್ನಡದಲ್ಲಿ ಪರಿಚಯ ಹೇಳಿಕೊಂಡ ಕೂಡಲೇ ಅವರ ಮುಖ ಅರಳಿತು.

“ನಮ್ಮವರೇನ್ರಿ ನೀವು? ಕಚೇರಿಯಿಂದ ಯಾರರ ಬರ್ತಾರ ಅಂತ ಹೇಳಿದ್ರು. ನಾ ಯಾರೋ ಸಾಹೇಬ್ರು ಬರ್ತಾರ ಅಂತ ತಿಳ್ಕೊಂಡಿದ್ದೆ.”

“ನಾನೂ ಇಂಥಾದ್ದೇ ಶಾಲೆಯಲ್ಲಿ ಕಲಿತಾಕಿ, ಬಾಯಾರ,” ಎಂದೆ. ಅವರ ಮಾತು ಕೇಳಿ ನನ್ನ ನಾಲಗೆಯೂ ಅಪ್ಪನ ಕಡೆಗೆ ಹೊರಳಿತ್ತು. “ಘಾಟ್ಕೋಪರದಾಗ.”

“ಹಂಗಾರ ನಿಮಗ ಹೇಳೋದೇನೈತಿ,” ಎಂದು ಅವರು ಕುರ್ಚಿ ಎಳೆದು ಕೊಟ್ಟರು. ಊಟದ ಬಿಡುವಿನಲ್ಲಿ ತಮ್ಮ ಡಬ್ಬಿ ತೆರೆದು ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ನನ್ನ ಮುಂದಿಟ್ಟರು. ಬೇಡವೆಂದರೂ ಬಿಡಲಿಲ್ಲ. ನಾವು ಇಬ್ಬರೂ ಒಂದೇ ಡಬ್ಬಿಯಿಂದ ಉಂಡೆವು.

ಊಟವಾದ ಮೇಲೆ ಹಾಜರಿ ಪುಸ್ತಕ ಕೇಳಿದೆ. ಪುಸ್ತಕದಲ್ಲಿದ್ದ ಹೆಸರು ಮೂವತ್ತೊಂದು. ಎರಡೂ ಕೋಣೆಗಳಲ್ಲಿ ಕೂತಿದ್ದ ಮಕ್ಕಳನ್ನು ನಾನು ಆಗಲೇ ಎಣಿಸಿದ್ದೆ, ಹತ್ತೊಂಬತ್ತು. ಉಳಿದವರು ಎಲ್ಲಿ ಎಂದು ಕೇಳಿದೆ. ಬೇರೆ ಶಾಲೆಗಳಲ್ಲಿ ಇದಕ್ಕೆ ಉತ್ತರ ಸಿದ್ಧವಿರುತ್ತದೆ. ಜ್ವರ, ಮದುವೆ, ಇವತ್ತಷ್ಟೇ ಬಂದಿಲ್ಲ, ಹೀಗೆ. ಬಾಯಾರು ಹಾಗೆ ಹೇಳಲಿಲ್ಲ.

“ಖರೇ ಹೇಳ್ಲೇನ್ರಿ? ನೀವು ನಮ್ಮವರು ಅಂತ ಹೇಳ್ತೀನಿ. ಇವರ ಅವ್ವ ಅಪ್ಪ ಎಲ್ಲಾ ಬಿಲ್ಡಿಂಗ್ ಕೆಲಸದವ್ರು. ಜೋಳದ ಸುಗ್ಗಿ ಬಂತಂದ್ರ ಊರಿಗೆ ಹೋಗ್ತಾರ, ಮಕ್ಕಳನ್ನ ಕರ್ಕೊಂಡ. ತಿರುಗಿ ಬರ್ತಾರ, ಬರೋದಿಲ್ಲ ಅಂತಿಲ್ಲ. ಆದ್ರ ಎರಡು ತಿಂಗಳು ಹೆಸರು ಕಡದ್ರ, ಬಂದಾಗ ಮತ್ತ ದಾಖಲಾತಿ ಮಾಡ್ಸಾಕ ಕಾಗದ ಎಲ್ಲಿಂದ ತರಬೇಕು ಅವ್ರು? ಅದಕ್ಕ ನಾ ಹೆಸರು ಕಡ್ಯಂಗಿಲ್ಲ. ಇಟ್ಕೊಂಡ ಕೂತಿರ್ತೀನಿ.”

ನಾನು ಅದನ್ನು ಬರೆದುಕೊಂಡೆ. ಬರೆದುಕೊಳ್ಳುವಾಗ ನನಗೆ ಅವರ ಬಗ್ಗೆ ಗೌರವವಿತ್ತು. ಆದರೆ ನಮ್ಮ ನಮೂನೆಯಲ್ಲಿ ಇದ್ದದ್ದು ಎರಡೇ ಖಾನೆ. ದಾಖಲಾದವರು, ಹಾಜರಿದ್ದವರು. ಮೂವತ್ತೊಂದು, ಹತ್ತೊಂಬತ್ತು. ಯಾಕೆ ಎಂಬುದಕ್ಕೆ ಖಾನೆ ಇರಲಿಲ್ಲ.

ಸಂಜೆ ಹೊರಡುವಾಗ ಆ ಹುಡುಗಿ ತಂಗಿಯ ಕೈ ಹಿಡಿದು ನನ್ನ ಜೊತೆಗೇ ಮೆಟ್ಟಿಲಿಳಿದಳು. ದೊಡ್ಡವಳಾಗಿ ಏನಾಗುತ್ತೀ ಎಂದು ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ.

“ಬಾಯಾರು ಆಗ್ತೀನ್ರಿ,” ಎಂದಳು. ಸ್ವಲ್ಪ ತಡೆದು, “ಅವ್ವಗ ದವಾಖಾನಿ ಚೀಟಿ ಓದಿ ಹೇಳೋದೂ ನಾನರೀ. ಆದ್ರ ಅವು ಇಂಗ್ಲಿಷಿನಾಗ ಇರ್ತಾವ, ಅರ್ಧಾ ಅಷ್ಟ ತಿಳೀತಾವ,” ಎಂದಳು.

ಅವರ ಮನೆ ಶಾಲೆಯಿಂದ ಕೂಗಳತೆಯ ದೂರ. ಹಳಿಗಳ ಈ ಬದಿಗೇ ಇದ್ದ ತಗಡಿನ ಮನೆಗಳ ಸಾಲಿನಲ್ಲಿ ಅಕ್ಕತಂಗಿ ಮರೆಯಾಗುವುದನ್ನು ನೋಡಿ ನಾನು ಸ್ಟೇಷನ್ನಿನ ಕಡೆ ತಿರುಗಿದೆ.

ವರದಿ ಬರೆಯಲು ಕೂತದ್ದು ಮಳೆಗಾಲದಲ್ಲಿ. ಪ್ರತಿ ಸಣ್ಣ ಶಾಲೆಯ ಎದುರು, ಅದೇ ಮಾಧ್ಯಮದ ಹತ್ತಿರದ ಶಾಲೆ ಎಷ್ಟು ದೂರದಲ್ಲಿದೆ ಎಂದು ಬರೆಯಬೇಕಿತ್ತು. ನಾನು ಕಂಪ್ಯೂಟರಿನ ನಕ್ಷೆಯಲ್ಲಿ ಎರಡು ಶಾಲೆಗಳ ಮೇಲೆ ಗುರುತು ಹಾಕಿ ನಡುವೆ ಗೆರೆ ಎಳೆದೆ. ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಎಂದು ಬಂತು. ಗೆರೆ ರೈಲು ಹಳಿಗಳನ್ನು ದಾಟಿ ಹೋಗಿತ್ತು. ನನಗೆ ಅದು ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಂಡಿತು. ಎಲ್ಲ ಶಾಲೆಗಳಿಗೂ ಹೀಗೇ ಅಳೆದಿದ್ದೇವೆ, ಒಂದಕ್ಕೆ ಮಾತ್ರ ಬೇರೆ ಅಳತೆ ಹಾಕುವುದು ಸರಿಯಲ್ಲ ಎಂದುಕೊಂಡು ಮುಂದೆ ಹೋದೆ.

ಆ ಶಾಲೆಯ ಬಗ್ಗೆ ನಾನು ಬರೆದ ಸಲಹೆ ಹೀಗಿತ್ತು: ಹತ್ತಿರದ ಶಾಲೆಯೊಂದಿಗೆ ವಿಲೀನ ಮಾಡಬಹುದು, ಆದರೆ ಮಕ್ಕಳನ್ನು ಕರೆದೊಯ್ಯಲು ವ್ಯವಸ್ಥೆಯಾದ ಮೇಲೆ ಮಾತ್ರ, ಮತ್ತು ಊರಿಗೆ ಹೋಗಿ ಬರುವ ಮಕ್ಕಳ ಹೆಸರು ಉಳಿಸಿಕೊಳ್ಳುವ ನಿಯಮ ಬಂದ ಮೇಲೆ ಮಾತ್ರ. ನಿರ್ದೇಶಕರು ಓದಿ, ಸಲಹೆಗಳು ಉದ್ದವಾದರೆ ಅಧಿಕಾರಿಗಳು ಓದುವುದಿಲ್ಲ, ಷರತ್ತುಗಳನ್ನೆಲ್ಲ ಒಟ್ಟುಗೂಡಿಸಿ ಕೊನೆಯ ಅನುಬಂಧದಲ್ಲಿ ಹಾಕೋಣ ಎಂದರು. ನಾನು ಒಪ್ಪಿದೆ. ವಾದ ಮಾಡಲಿಲ್ಲ. ಆ ದಿನ ಸಂಜೆ ಮಗಳ ಶಾಲೆಯಲ್ಲಿ ಪಾಲಕರ ಸಭೆಯಿತ್ತು, ಬೇಗ ಹೊರಡಬೇಕಿತ್ತು. ನನ್ನ ವಾಕ್ಯ ‘ವಿಲೀನ ಮಾಡಬಹುದು’ ಎಂಬಲ್ಲಿಗೆ ನಿಂತಿತು. ‘ಆದರೆ’ಯಿಂದ ಮುಂದಿನದು ಬಹಳ ಪುಟಗಳಾಚೆ ಹೋಯಿತು.

ಅದರ ಮರುವರ್ಷ, ಏಪ್ರಿಲ್ ತಿಂಗಳಲ್ಲಿ ಬಾಯಾರು ಫೋನ್ ಮಾಡಿದರು. ನಡುವೆ ಒಂದೆರಡು ಸಲ ಹಬ್ಬಕ್ಕೆ ಶುಭಾಶಯ ಕಳಿಸಿದ್ದು ಬಿಟ್ಟರೆ ಮಾತಾಗಿರಲಿಲ್ಲ.

“ನಮ್ಮ ಸಾಲಿ ಬಂದ್ ಮಾಡ್ತಾರಂತ್ರಿ. ಆದೇಶ ಬಂದೈತಿ,” ಎಂದರು. “ಅಂದ್ರ, ಬಂದ್ ಅಂತ ಬರದಿಲ್ಲ. ವಿಲೀನ ಅಂತ ಬರದಾರ. ಹಳಿ ಆಚಿಗಿನ ಸಾಲಿಗೆ ಕೂಡಸ್ತಾರಂತ. ನಾಡದು ರಿಸಲ್ಟ್ ಕೊಡೋದೈತಿ. ಮಕ್ಕಳ ಅವ್ವಂದ್ರೂ ಬರ್ತಾರ. ನೀವೂ ಬರ್ರಿ. ಇದ ಕಡೀದು.”

ಆ ಆದೇಶಕ್ಕೆ ಆಧಾರವಾದ ವರದಿ ನನ್ನದು ಎಂದು ಅವರಿಗೆ ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಬರುತ್ತೇನೆ ಎಂದೆ. ಆ ದಿನ ಬೆಳಿಗ್ಗೆ ಸೀರೆಯನ್ನೂ ಉಟ್ಟು ತಯಾರಾಗಿದ್ದೆ. ಸ್ಟೇಷನ್ನಿನವರೆಗೆ ಹೋದೆ. ಅಲ್ಲಿಂದ ಬಾಯಾರಿಗೆ, ಕಚೇರಿಯಲ್ಲಿ ಅವಸರದ ಮೀಟಿಂಗ್ ಬಂದಿದೆ, ಕ್ಷಮಿಸಿ ಎಂದು ಮೆಸೇಜ್ ಕಳಿಸಿ ಅಂಧೇರಿಯ ದಾರಿ ಹಿಡಿದೆ. ಮೀಟಿಂಗ್ ಇರಲಿಲ್ಲ. ಮಧ್ಯಾಹ್ನ ಅವರು ಒಂದು ಫೋಟೋ ಕಳಿಸಿದರು. ಕೋಣೆಯ ಮುಂದೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಪೇಡೆ. ಆ ಹುಡುಗಿ ಹಿಂದಿನ ಸಾಲಿನಲ್ಲಿದ್ದಳು, ಎತ್ತರವಾಗಿದ್ದಳು. ಬಾಯಾರು ಫೋಟೋದಲ್ಲಿರಲಿಲ್ಲ. ತೆಗೆದವರು ಅವರೇ ಇರಬೇಕು.

ಜೂನ್ ಬಂತು, ಶಾಲೆಗಳು ಶುರುವಾದವು. ಸೆಪ್ಟೆಂಬರಿನಲ್ಲಿ ನಿರ್ದೇಶಕರು ನನ್ನ ಮೇಜಿನ ಬಳಿ ಬಂದು, ವಿಲೀನವಾದ ಶಾಲೆಗಳು ಹೇಗಿವೆ ಎಂದು ಒಂದು ಸಣ್ಣ ಟಿಪ್ಪಣಿ ಬೇಕಾಗಿದೆ, ಇಲಾಖೆಯ ಸಭೆಯಲ್ಲಿ ತೋರಿಸಬೇಕು ಎಂದರು. ಹೀಗಾಗಿ ನಾನು ಅಲ್ಲಿಗೆ ಹೋಗಲೇಬೇಕಾಯಿತು.

ಮೊದಲು ಹಳಿಯಾಚೆಯ ಶಾಲೆಗೇ ಹೋದೆ. ಚೆನ್ನಾಗಿತ್ತು. ಸುಳ್ಳು ಹೇಳಬಾರದು, ಆ ಶಾಲೆ ನಿಜಕ್ಕೂ ಚೆನ್ನಾಗಿತ್ತು. ತರಗತಿಗೊಬ್ಬ ಶಿಕ್ಷಕರು, ಗೋಡೆಗೆ ಬಣ್ಣ, ಬೀಗ ಹಾಕದ ಪುಸ್ತಕದ ಕಪಾಟು. ನಮ್ಮ ವರದಿಯಲ್ಲಿ ಬರೆದಂಥದೇ ಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಹಳೆಯ ಶಾಲೆಯಿಂದ ಬಂದ ಮಕ್ಕಳನ್ನು ತೋರಿಸಿ ಎಂದೆ. ಅವರು ಐವರನ್ನು ಕರೆಸಿದರು. ಐವರೂ ಹುಡುಗರು.

“ಉಳಿದವರು?”

“ಹೆಸರು ನಮ್ಮ ಪುಸ್ತಕದಾಗ ಐತ್ರಿ ಮೇಡಂ. ಬರವಲ್ರು. ಕೆಲವ್ರು ಅಲ್ಲೇ ಕೆಳಗ ಹಿಂದಿ ಸಾಲಿಗೆ ಸೇರ್ಯಾರಂತ. ಕೆಲವ್ರದ್ದು ಗೊತ್ತಿಲ್ಲ. ನಮ್ಮ ಸಾಲಿ ಮಧ್ಯಾಹ್ನದ ಪಾಳಿ, ಬಿಡೋದು ಸಂಜೀಕ. ಹೆಣ್ಣುಮಕ್ಕಳನ್ನ ಕಳಸ್ವಲ್ರು.”

ಅಲ್ಲಿಂದ ನಾನು ಹಳೆಯ ಶಾಲೆಯ ಕಡೆ ನಡೆದುಕೊಂಡು ಹೋದೆ. ನಕ್ಷೆಯಲ್ಲಿ ಎಳೆದ ಗೆರೆಯ ಮೇಲೆ ಯಾರೂ ನಡೆಯಲಾರರು. ಶಾಲೆಯಿಂದ ಹೊರಬಿದ್ದರೆ ಮೊದಲು ಟ್ರಕ್ಕುಗಳು ನಿಲ್ಲುವ ರಸ್ತೆ. ಫುಟ್‌ಪಾತ್ ಇಲ್ಲ, ಟ್ರಕ್ಕಿಗೂ ಗೋಡೆಗೂ ನಡುವೆ ಒಬ್ಬರು ಹೋಗುವಷ್ಟು ಜಾಗ. ಆಮೇಲೆ ಒಂದು ಬಾರ್, ಅದರ ಮುಂದೆ ಹಗಲಲ್ಲೇ ಗಂಡಸರು. ಆಮೇಲೆ ಹಳಿ ದಾಟುವ ಸೇತುವೆ, ಉದ್ದಕ್ಕೂ ಎರಡೂ ಬದಿಗೆ ತಗಡು ಹೊಡೆದದ್ದು. ಒಳಗೆ ಹೊಕ್ಕರೆ ಹೊರಗಿನವರಿಗೆ ಕಾಣುವುದಿಲ್ಲ. ಸೇತುವೆಯ ಆ ತುದಿಯಿಂದ ಮನೆಗಳಿಗೆ ಮತ್ತೆ ಸುತ್ತಿ ಹೋಗಬೇಕು. ನನಗೆ ಮುಕ್ಕಾಲು ಗಂಟೆ ಹಿಡಿಯಿತು. ದಾರಿಯಲ್ಲಿ ಎರಡು ಸಲ ನಾನೇ ಸೆರಗನ್ನು ಸರಿಪಡಿಸಿಕೊಂಡು, ಚೀಲವನ್ನು ಎದೆಗೆ ಅವಚಿಕೊಂಡು ಬೇಗ ಬೇಗ ನಡೆದೆ. ನಲವತ್ತೈದು ದಾಟಿದ ಹೆಂಗಸು ನಾನು.

ಮನೆಗಳ ಸಾಲಿನಲ್ಲಿ ಕೇಳುತ್ತ ಹೋದಾಗ ಆ ಹುಡುಗಿಯ ಮನೆ ಸಿಕ್ಕಿತು. ಭಾನುವಾರವಲ್ಲದಿದ್ದರೂ ಅವಳ ತಾಯಿ ಮನೆಯಲ್ಲಿದ್ದಳು, ಕಾಲಿಗೆ ಇಟ್ಟಿಗೆ ಬಿದ್ದು ಪಟ್ಟಿ ಕಟ್ಟಿಕೊಂಡಿದ್ದಳು. ಹುಡುಗಿ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ನನ್ನ ಗುರುತು ಹಿಡಿದು ಎದ್ದು ನಿಂತಳು, ಆಮೇಲೆ ಒಳಗೆ ಹೋದಳು.

“ಸಾಲಿ ಬಿಟ್ಟಾಳ್ರೀ ಅಕ್ಕಾರ,” ಎಂದಳು ತಾಯಿ. “ಸಣ್ಣಾಕಿನ್ನ ಇಲ್ಲೇ ಕೆಳಗ ಹಿಂದಿ ಸಾಲಿಗೆ ಹಾಕೀವಿ. ಇಕಿನ್ನೂ ಹಾಕ್ರಿ ಅಂದೆ. ಹಿಂದಿ ಬರೀಲಾಕ ಬರೂದಿಲ್ಲ ಇಕಿಗಿ, ಏಳನೇದಕ್ಕ ಹ್ಯಾಂಗ ತೊಗೋಳೂದು ಅಂದ್ರು.”

“ಹಳಿಯಾಚೆಯ ಶಾಲೆಗೆ ಕಳಿಸಲಿಲ್ಲವಾ?”

“ಕಳಸಿದ್ದೆ. ಹನ್ನೆರಡು ದಿವಸ ಹೋದ್ಳು.” ಆಕೆ ಮಗಳು ಹೋದ ಕಡೆ ನೋಡಿ ದನಿ ತಗ್ಗಿಸಿದಳು. “ಒಂದಿನ ಸಂಜೀಕ ಬ್ರಿಜ್ಜಿನ ಮ್ಯಾಲ ಯಾರೋ ಹಿಂದ ಬಂದ್ರಂತ. ಏನೂ ಆಗಿಲ್ಲ. ಓಡಿ ಬಂದಾಳ. ಚಪ್ಪಲಿ ಅಲ್ಲೇ ಬಿಟ್ಟು ಬಂದಾಳ. ಅವರಪ್ಪ ಇನ್ನ ಬ್ಯಾಡ ಅಂದ. ನಾ ಏಳಕ್ಕ ಕೆಲಸಕ್ಕ ಹೋದ್ರ ಬರೂದು ಸಂಜೀಕ. ನಾ ಹ್ಯಾಂಗ ಕರ್ಕೊಂಡ ಬರ್ಲಿ ಹೇಳ್ರಿ.”

ಹುಡುಗಿ ಒಳಗಿನಿಂದ ನೀರು ತಂದು ಕೊಟ್ಟಳು.

“ಓದುತ್ತೀಯಾ ಈಗಲೂ?” ಎಂದು ಕೇಳಿದೆ.

“ಬುಕ್ ಎಲ್ಲಾ ಓದಿ ಮುಗದಾವ್ರಿ,” ಎಂದಳು. “ಏಳನೇದ್ದು ಇನ್ನ ಕೊಟ್ಟಿರಲಿಲ್ಲರಿ.”

ಅವಳಿಗೆ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ನಾನು ಲೋಟ ಕೆಳಗಿಟ್ಟು, ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಎದ್ದೆ.

ಬಾಯಾರು ವಾರ್ಡ್ ಕಚೇರಿಯಲ್ಲಿದ್ದಾರೆ ಎಂದು ಅಲ್ಲಿಯ ಹೆಂಗಸರೇ ಹೇಳಿದರು. ಮರುದಿನ ಅಲ್ಲಿಗೆ ಹೋದೆ. ವಿಲೀನವಾದ ಮೇಲೆ ಅವರು ಹೆಚ್ಚುವರಿ ಶಿಕ್ಷಕಿಯಾಗಿದ್ದರು. ಹೊಸ ಶಾಲೆಯಲ್ಲಿ ಅವರಿಗೆ ಜಾಗವಿರಲಿಲ್ಲ, ಹಾಗಾಗಿ ಕಚೇರಿಯಲ್ಲಿ ಕೂರಿಸಿದ್ದರು. ಉದ್ದನೆಯ ಮೇಜಿನ ತುದಿಯಲ್ಲಿ ಕಂಪ್ಯೂಟರಿನ ಮುಂದೆ ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು, ಒಂದೇ ಬೆರಳಿನಿಂದ ಯಾವುದೋ ಪಟ್ಟಿಯ ಹೆಸರುಗಳನ್ನು ಒತ್ತುತ್ತಿದ್ದರು. ನನ್ನನ್ನು ನೋಡಿ ನಕ್ಕರು.

“ಬಾ ತಂಗಿ,” ಎಂದರು. ಮೊದಲ ಸಲ ಏಕವಚನದಲ್ಲಿ ಕರೆದರು. “ಇಲ್ಲಿ ಚಾ ಚೊಲೋ ಸಿಗ್ತೈತಿ. ಅದೊಂದು ಸುಖ.”

ನಾನು ಕೂತೆ. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು. “ಬಾಯಾರ, ಆ ವರದಿ ಬರೆದವಳು ನಾನು,” ಎಂದೆ.

“ಗೊತ್ತೈತಿ.”

“ಯಾವಾಗಿಂದ?”

“ಆದೇಶದ ಸಂಗಾಟ ನಾಕು ಸಾಲು ಲಗತ್ತ ಮಾಡಿದ್ರು. ದಾಖಲಾತಿ ಇಷ್ಟು, ಖರೇ ಹಾಜರಿ ಇಷ್ಟು ಅಂತ. ಹತ್ತೊಂಬತ್ತು ಅಂತ ಎಣಿಸಿದಾಕಿ ನೀ ಒಬ್ಬಾಕಿ.”

ಅಂದರೆ ಏಪ್ರಿಲ್‌ನಲ್ಲಿ ನನ್ನನ್ನು ಕರೆದಾಗ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾ ಎಂದಿದ್ದರು. ನನಗೆ ಅಳು ಬಂತು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಬಾಯಾರು ತಮ್ಮ ಕರವಸ್ತ್ರ ಕೊಟ್ಟು, ನಾನು ಒರೆಸಿಕೊಳ್ಳುವವರೆಗೆ ಕಾದರು.

“ನೀ ಸುಳ್ಳು ಬರದಿಲ್ಲ,” ಎಂದರು. “ನಾ ಖರೇ ಹೇಳಿದ್ದೆ, ನೀ ಖರೇ ಬರದಿ. ನಾ ಎಷ್ಟೋ ಸಲ ಕೂತು ವಿಚಾರ ಮಾಡೇನಿ. ಉಳಿದ ಮಕ್ಕಳು ಇವತ್ತಷ್ಟ ಬಂದಿಲ್ಲ ಅಂತ ನಾ ಒಂದು ಸುಳ್ಳು ಹೇಳಿದ್ರ ಸಾಲಿ ಉಳೀತಿತ್ತೇನು ಅಂತ. ಮೂವತ್ತು ವರ್ಷ ಮಕ್ಕಳಿಗೆ ಖರೇ ಹೇಳ್ರಿ ಅಂತ ಹೇಳಿದಾಕಿ ನಾನು.”

“ನಾನು ಷರತ್ತು ಹಾಕಿದ್ದೆ, ಬಾಯಾರ. ಕರೆದೊಯ್ಯುವ ವ್ಯವಸ್ಥೆ ಆದಮೇಲೇ ಅಂತ.”

“ಎಲ್ಲಿ ಹಾಕಿದ್ದಿ?”

“ಕೊನೆಗೆ. ಅನುಬಂಧದಲ್ಲಿ.”

ಚಹಾ ಬಂತು. ಕುಡಿಯುತ್ತ ಅವರು ಒಂದೊಂದು ಮಗುವಿನ ಹೆಸರು ಹಿಡಿದು ವಿಚಾರಿಸಿದರು. ಹೊಸ ಶಾಲೆಯಲ್ಲಿ ನಾನು ನೋಡಿದ್ದು ಐವರನ್ನು ಮಾತ್ರ. ಉಳಿದ ಹೆಸರುಗಳಿಗೆಲ್ಲ ಗೊತ್ತಿಲ್ಲ ಎನ್ನಬೇಕಾಯಿತು. ಓದುತ್ತಿದ್ದ ಹುಡುಗಿಯ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆಕಿ ಏಳನೇದು ಮುಗಸ್ಬೇಕಿತ್ತು,” ಎಂದರು. “ಅಷ್ಟ ಮುಗಸಿದ್ರ ನಾ ಮುಂದ ಹೆಂಗರ ಮಾಡಿ ಹೈಸ್ಕೂಲಿಗೆ ಹಚ್ತಿದ್ದೆ.”

ಆ ದಿನದಿಂದ ನಾವಿಬ್ಬರೂ ಸೇರಿ ಏನಾದರೂ ಮಾಡೋಣವೆಂದು ಹೊರಟೆವು. ಮನೆಗಳ ಸಾಲಿನಲ್ಲಿ ಒಬ್ಬ ಮುದುಕಿ ಇದ್ದಳು, ಕಲಬುರಗಿ ಕಡೆಯವಳು, ಕೂಲಿಗೆ ಹೋಗುವಷ್ಟು ಶಕ್ತಿ ಉಳಿದಿರಲಿಲ್ಲ. ಮಕ್ಕಳನ್ನು ಮಧ್ಯಾಹ್ನ ಬಿಟ್ಟು ಸಂಜೆ ಕರೆತರಲು ಅವಳು ಒಪ್ಪಿದಳು. ಹುಡುಗಿಯ ಅಪ್ಪನನ್ನು ಒಪ್ಪಿಸಲು ಬಾಯಾರು ಎರಡು ಭಾನುವಾರ ಹೋಗಿ ಕೂತರು. ಕೊನೆಗೆ ಅವನು, “ನೀವು ಹೇಳ್ತೀರಂತ ಕಳಸ್ತೀನ್ರಿ ಬಾಯಾರ,” ಎಂದ. ದೀಪಾವಳಿ ರಜೆ ಮುಗಿದ ಮೇಲೆ ನಾಲ್ಕು ಹೆಣ್ಣುಮಕ್ಕಳು ಆ ಮುದುಕಿಯ ಹಿಂದೆ ಸೇತುವೆ ದಾಟಿ ಶಾಲೆಗೆ ಹೋದರು. ಮೊದಲ ದಿನ ನಾನೂ ಜೊತೆಗಿದ್ದೆ. ಮುದುಕಿ ಕೈಯಲ್ಲಿ ಕೋಲು ಹಿಡಿದು, ಬಾರಿನ ಮುಂದೆ ನಿಂತ ಗಂಡಸರಿಗೆ ಕೇಳುವ ಹಾಗೆ ಜೋರಾಗಿ ಮಾತಾಡುತ್ತ ಮುಂದೆ ನಡೆದಳು. ಹುಡುಗಿಯರು ನಗುತ್ತಿದ್ದರು.

ಆ ಎರಡು ಮೂರು ತಿಂಗಳು ನನ್ನ ಮನಸ್ಸು ಸ್ವಲ್ಪ ಹಗುರವಾಗಿತ್ತು. ನಡೆದು ನೋಡಿದ ದಾರಿಯ ಬಗ್ಗೆ ಎರಡು ಪುಟದ ಟಿಪ್ಪಣಿ ಬರೆದೆ. ಈ ಸಲ ಒಂದು ಸಾಲನ್ನೂ ಅನುಬಂಧಕ್ಕೆ ಬಿಟ್ಟುಕೊಡಲಿಲ್ಲ. ಇಲಾಖೆಯ ಸಭೆಯಲ್ಲಿ ಎದ್ದು ನಿಂತು ಓದಿದೆ. ಐವರೂ ಹುಡುಗರೇ ಏಕೆ ಎಂಬ ಸಾಲನ್ನು ಮತ್ತೊಮ್ಮೆ ಓದಿದೆ. ಅಧಿಕಾರಿಗಳು ಗಮನವಿಟ್ಟು ಕೇಳಿದರು. ಒಬ್ಬರು ಬಂದು, ಇಂಥದು ನಮಗೆ ಮೊದಲೇ ತಿಳಿಯಬೇಕಿತ್ತು ಮೇಡಂ, ಎಂದರು. ಅವರು ಆಪಾದನೆಯ ದನಿಯಲ್ಲಿ ಹೇಳಲಿಲ್ಲ. ಸಭೆಯ ನಡಾವಳಿ ಬಂದಾಗ ನೋಡಿದೆ. ‘ಸಾರಿಗೆ ಕುರಿತು ಸಲಹೆ ಬಂದಿದೆ’ ಎಂಬ ಒಂದು ಸಾಲಿತ್ತು. ನಿರ್ದೇಶಕರು ನನ್ನ ಟಿಪ್ಪಣಿಯನ್ನು ಎರಡು ಸಲ ಓದಿ ತಮ್ಮ ಕೋಣೆಗೆ ಕರೆದು, ಆ ದಿನ ಷರತ್ತನ್ನು ಹಿಂದಕ್ಕೆ ಹಾಕಿಸಿದ್ದು ತಮ್ಮ ತಪ್ಪು ಎಂದರು. ತಪ್ಪು ಇಬ್ಬರದೂ ಎಂದೆ. ಅದರಿಂದ ಇಬ್ಬರಿಗೂ ಸಮಾಧಾನವಾಗಲಿಲ್ಲ.

ಫೆಬ್ರವರಿಯ ಒಂದು ಶನಿವಾರ ನಾನು ಹೋದಾಗ ಹುಡುಗಿಯ ಮನೆಗೆ ಬೀಗವಿತ್ತು. ಬೀಗವೆಂದರೆ ತಂತಿ ಸುತ್ತಿದ್ದರು. ಸುಗ್ಗಿಗೆ ಊರಿಗೆ ಹೋಗಿರಬೇಕು ಎಂದುಕೊಂಡೆ. ಮುದುಕಿ ಬಂದು ಹೇಳಿದಳು, ಊರಿಗಲ್ಲ. ಇಲ್ಲಿಯ ಬಿಲ್ಡಿಂಗ್ ಮುಗಿದಿತ್ತು. ಗುತ್ತಿಗೆದಾರ ತನ್ನ ಜನರನ್ನೆಲ್ಲ ಕಲ್ಯಾಣದ ಆಚೆಗೆ, ಹೊಸ ಕೆಲಸಕ್ಕೆ ಟೆಂಪೋದಲ್ಲಿ ಒಯ್ದಿದ್ದ. ಏಳನೆಯ ತರಗತಿ ಮುಗಿಯಲು ಎರಡು ತಿಂಗಳು ಉಳಿದಿತ್ತು.

ಬಾಯಾರಿಗೆ ತಿಳಿಸಿದೆ. “ಹೆಸರು ಕಡೀಬ್ಯಾಡ್ರಿ ಅಂತ ಆ ಸಾಲಿ ಹೆಡ್ಮಾಸ್ತರಿಗೆ ಹೇಳ್ತೀನಿ,” ಎಂದಷ್ಟೇ ಹೇಳಿದರು. ಹೇಳಿದರಂತೆ. ಅವರು ಒಪ್ಪಿದರಂತೆ. ಬೇಸಿಗೆಯಲ್ಲಿ ಬಾಯಾರಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಣ್ಣು ಮಂಜಾಯಿತು. ಕಚೇರಿಯ ಕಂಪ್ಯೂಟರ್ ನೋಡಲು ಆಗದೆ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ಬೀಳ್ಕೊಡುಗೆಗೆ ಶಾಲೆ ಇರಲಿಲ್ಲ, ಕಚೇರಿಯವರು ಹಾರ ಹಾಕಿ ಚಹಾ ಕೊಟ್ಟರು. ಈ ಸಲ ನಾನು ಹೋಗಿದ್ದೆ.

ಹುಡುಗಿಯ ತಾಯಿಯಿಂದ ಫೋನ್ ಬಂದದ್ದು ಆ ಜೂನ್‌ನಲ್ಲಿ. ನನ್ನ ನಂಬರನ್ನು ಮಗಳು ಪುಸ್ತಕದ ಹಿಂದೆ ಬರೆದುಕೊಂಡಿದ್ದಳಂತೆ.

“ಅಕ್ಕಾರ, ಇಲ್ಲೆಲ್ಲಾರ ಕನ್ನಡ ಸಾಲಿ ಅದ ಏನ್ರಿ? ನಿಮ್ಮ ಕಚೇರ್ಯಾಗ ಎಲ್ಲಾ ಸಾಲಿ ಪಟ್ಟಿ ಇರ್ತದ ಅಂತ ಇಕಿ ಹೇಳ್ತಾಳ.”

ಪಟ್ಟಿ ನನ್ನ ಮುಂದೆಯೇ ಇತ್ತು. ಆಕೆ ಹೇಳಿದ ಕಲ್ಯಾಣದಾಚೆಯ ಜಾಗವನ್ನು ಹುಡುಕಿದೆ. ಸುತ್ತಮುತ್ತ ಎಲ್ಲೂ ಇರಲಿಲ್ಲ. ಇನ್ನಷ್ಟು ದೂರ ಹುಡುಕಿದೆ. ತಾಯಿ ಆ ಕಡೆ ಕಾಯುತ್ತಿದ್ದಳು, ಹಿಂದೆ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು.

“ಇಲ್ಲವ್ವಾ,” ಎಂದೆ. “ಹತ್ತಿರ ಎಲ್ಲೂ ಇಲ್ಲ.”

“ಇರ್ಲಿ ಬಿಡ್ರಿ. ಕೇಳಿ ನೋಡು ಅಂದ್ಳು, ಕೇಳಿದೆ. ಹಿಂದಿ ಸಾಲ್ಯಾಗ ಐದನೇದಕ್ಕ ಕೂಡಸ್ತೀವಿ ಅಂತಾರ. ಇಕಿ ಒಲ್ಲೆ ಅಂತಾಳ.”

ಫೋನ್ ಅವಳಿಗೆ ಕೊಡು ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಬಂತು. ದೊಡ್ಡವಳ ದನಿಯಾಗಿತ್ತು.

“ಐದನೆಯದಾದರೂ ಆಗಲಿ, ಹೋಗು,” ಎಂದೆ. “ಒಂದು ವರ್ಷದಲ್ಲಿ ಹಿಂದಿ ಬಂದುಬಿಡುತ್ತದೆ.”

“ಸಣ್ಣ ಸಣ್ಣ ಹುಡುಗ್ರ ಸಂಗಾಟ ಕುಂದ್ರಬೇಕ್ರಿ,” ಎಂದಳು. “ನಾ ಓದಿದ್ದಾ ಮತ್ತ ಓದಬೇಕು, ಅದೂ ಬರಲಾರದ ಭಾಷಾದಾಗ. ನಾಚಿಕಿ ಬರ್ತದ್ರಿ.” ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ, “ತಂಗಿ ಹೋಗ್ತಾಳ್ರಿ ಮೇಡಂ. ಆಕಿಗಿ ಹಿಂದಿ ಚೊಲೋ ಬರ್ತದ. ನಾನಾ ಬಿಟ್ಟು ಬರ್ತೀನಿ, ಕರ್ಕೊಂಡೂ ಬರ್ತೀನಿ,” ಎಂದಳು.

ಬಾಯಾರು ನಿನ್ನ ಬಗ್ಗೆ ಕೇಳುತ್ತಿರುತ್ತಾರೆ ಎಂದೆ. ಅವರ ಕಣ್ಣು ಹೇಗಿದೆ ಎಂದು ಕೇಳಿದಳು. ಯಾರೋ ಅವಳಿಗೆ ಹೇಳಿದ್ದರು. ಪರವಾಗಿಲ್ಲ ಎಂದೆ. ಇನ್ನೇನು ಕೇಳಬೇಕೆಂದು ನಾನು ಯೋಚಿಸುವಷ್ಟರಲ್ಲಿ ಅವಳೇ ಹೇಳಿದಳು:

“ಇಡ್ತೀನ್ರಿ ಮೇಡಂ. ಅವ್ವ ಕೆಲಸಕ್ಕ ಹೊಂಟಾಳ, ಫೋನ್ ಒಯ್ತಾಳ.”